ಕಾರವಾರದ ಮನೆ, ಪೋರ್ಚಿನಲ್ಲಿ ತಗ್ಗು ಸ್ಪೋರ್ಟ್ಸ್ ಕಾರು: ಮಳೆ ಹಿಡಿಯುವ ಮೊದಲು ನಲ್ಲಿ, ಪೈಪು, ಜಾಲಿ ಏನೇನು ಸರಿ ಮಾಡಬೇಕು?

ಸದಾಶಿವಗಡ_66

ಕಡಲಿಂದ ಅರ್ಧ ಕಿಲೋಮೀಟರ್ ಒಳಗೆ ಚಿರೇಕಲ್ಲಿನ ಹಳೇ ಮನೆ. ಪೋರ್ಚಿನಲ್ಲಿ ಬಟ್ಟೆ ಛಾವಣಿಯ ಪೋರ್ಶೆ 718 ಬಾಕ್ಸ್‌ಸ್ಟರ್ ನಿಲ್ಲುತ್ತದೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಮುಗಿಯಬೇಕಾದ ಕೆಲಸ ಇಷ್ಟು: ಕಾರು ತೊಳೆಯುವ ಅಂಗಳದ ನಲ್ಲಿ ಎಷ್ಟು ಬಿಗಿ ಮಾಡಿದರೂ ಹನಿಯುತ್ತದೆ. ಬಾವಿ ನೀರಲ್ಲಿ ತೊಳೆದರೆ ಬಣ್ಣದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಬಚ್ಚಲ ಟೈಲ್ಸಿನ ಮೇಲೆ ಕೆಂಪು ಕಲೆ. ಗೇಟಿನ ಇಳಿಜಾರಿನಲ್ಲಿ ಮುಂದಿನ ಬಂಪರ್ ಕೆರೆಯುತ್ತದೆ. ಜೋರು ಮಳೆಗೆ ಪೋರ್ಚಿನ ಜಾಲಿಯಲ್ಲಿ ನೀರು ಇಳಿಯುವುದಿಲ್ಲ. ಪಾನಾ ಹಿಡಿಯಲು ಬರುತ್ತದೆ, ಸಣ್ಣ ಕೆಲಸಕ್ಕೆ ಪ್ಲಂಬರ್ ಸಿಗುವುದು ಕಷ್ಟ. ಇದರಲ್ಲಿ ಮನೆಯಲ್ಲೇ ಆಗುವಂಥದ್ದು ಯಾವುದು?

ಅರ್ಧ_ಇಂಚು

ನಲ್ಲಿಯಿಂದ ಶುರು ಮಾಡೋಣ, ಅರ್ಧ ಗಂಟೆಯ ಕೆಲಸ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮೂತಿಯಿಂದ ಹನಿದರೆ ಒಳಗಿನ ವಾಷರ್ ಹೋಗಿದೆ. ಹಿಡಿಯ ಬುಡದಲ್ಲಿ, ನಲ್ಲಿ ತೆರೆದಾಗ ಮಾತ್ರ ಒಸರಿದರೆ ಅದು ಗ್ಲ್ಯಾಂಡ್, ಅಂದರೆ ಹಿಡಿಯ ಕಡ್ಡಿಯ ಸುತ್ತ ನೀರು ತಡೆಯುವ ಜಾಗ. ಗ್ಲ್ಯಾಂಡ್ ಆದರೆ ಹಿಡಿಯ ಕೆಳಗಿನ ಸಣ್ಣ ನಟ್ಟನ್ನು ಎಂಟನೇ ಒಂದು ಸುತ್ತು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ನಟ್ಟು ಮೇಲೆತ್ತಿ, ಟೆಫ್ಲಾನ್ ಟೇಪನ್ನು ಹುರಿ ಹೊಸೆದು ಕಡ್ಡಿಯ ಸುತ್ತ ಮೂರ್ನಾಲ್ಕು ಸುತ್ತು ತುಂಬಿ, ನಟ್ಟು ಕೂರಿಸಿ. ಆಯಿತು.

ವಾಷರ್ ಬದಲಿಸಲು ಟ್ಯಾಂಕಿನ ಗೇಟ್ ವಾಲ್ವ್ ಕಟ್ಟಿ, ಮನೆಯ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪು ಖಾಲಿ ಮಾಡಿ. ಹನಿಯುವ ನಲ್ಲಿಯನ್ನು ಅರ್ಧ ತೆರೆದಿಟ್ಟುಕೊಂಡೇ ಮೇಲಿನ ಆರು ಮೂಲೆಯ ದೊಡ್ಡ ನಟ್ಟು ಬಿಚ್ಚಬೇಕು. ಕಟ್ಟಿದ ಸ್ಥಿತಿಯಲ್ಲೇ ಬಿಚ್ಚಲು ಹೋದರೆ ವಾಷರ್ ಸೀಟಿಗೆ (ಅದು ಕೂರುವ ಒಳ ಅಂಚಿಗೆ) ಒತ್ತಿಕೊಂಡಿರುತ್ತದೆ, ಮರೆ (ತಿರುಪಿನ ಸುತ್ತು) ಹಾಳಾಗುತ್ತದೆ. ಇಲ್ಲಿ ಎರಡು ಪಾನಾ ಬೇಕೇ ಬೇಕು: ಒಂದು ನಟ್ಟಿಗೆ, ಇನ್ನೊಂದು ನಲ್ಲಿಯ ದೇಹ ಹಿಡಿದುಕೊಳ್ಳಲು. ಒಂದೇ ಪಾನಾದಲ್ಲಿ ತಿರುಗಿಸಿದರೆ ಆ ಬಲವೆಲ್ಲ ಗೋಡೆಯೊಳಗಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಎಲ್ಬೋಗೆ, ಅಂದರೆ ಮೂಲೆ ತುಂಡಿಗೆ ಹೋಗುತ್ತದೆ. ಎರಡು ರೂಪಾಯಿ ವಾಷರಿನ ಕೆಲಸ ಗೋಡೆ ಒಡೆಯುವ ಕೆಲಸ ಆಗುವುದು ಹೀಗೆ.

ಮೇಲ್ಭಾಗ ಕೈಗೆ ಬಂದ ಮೇಲೆ ತುದಿಯ ಕಪ್ಪು ರಬ್ಬರ್ ನೋಡಿ. ನಡುವೆ ಉಂಗುರದ ಹಾಗೆ ಗುಳಿ ಬಿದ್ದು, ಅಂಚು ಗಟ್ಟಿಯಾಗಿ ಉಗುರು ಒತ್ತಿದರೂ ಒಳಗೆ ಹೋಗುವುದಿಲ್ಲ. ಹೊಸ ಅರ್ಧ ಇಂಚಿನ ವಾಷರ್ ಹಾಕುವ ಮೊದಲು ಟಾರ್ಚ್ ಬಿಟ್ಟು ನಲ್ಲಿಯ ಒಳಗಿನ ಸೀಟು ನೋಡಿ, ಕಿರುಬೆರಳಿನ ಉಗುರನ್ನು ಅದರ ಅಂಚಿನ ಮೇಲೆ ಸುತ್ತ ಆಡಿಸಿ. ಒಂದು ಕಡೆ ಉಗುರು ಸಿಕ್ಕಿಕೊಂಡರೆ ಅಲ್ಲಿ ನೀರು ಕೊರೆದ ಗೀರು ಇದೆ, ಹೊಸ ವಾಷರ್ ಹಾಕಿದರೂ ತಿಂಗಳಲ್ಲಿ ಮತ್ತೆ ಹನಿಯುತ್ತದೆ. ಸೀಟ್ ಕಟರ್ ಇದ್ದರೆ ಹಗುರ ಕೈಯಲ್ಲಿ ಎರಡು ಮೂರು ಸುತ್ತು ಸಾಕು.

ಇನ್ನೊಂದು ಗುರುತು, ನಮ್ಮ ಕಡೆಗೆ ಬಹಳ ಮುಖ್ಯ. ಹಿತ್ತಾಳೆ ಹಳದಿ ಇರಬೇಕು. ಮರೆಯ ಹತ್ತಿರ ಕೆಂಪು ತಿರುಗಿ ತಾಮ್ರದ ಬಣ್ಣ ಬಂದಿದ್ದರೆ ಲೋಹದೊಳಗಿನ ಸತು ಕರಗಿ ಹೋಗಿದೆ, ಉಳಿದದ್ದು ಸ್ಪಂಜಿನ ಹಾಗೆ ಪೊಳ್ಳು. ಅಂಥ ನಲ್ಲಿಗೆ ವಾಷರ್ ಹಾಕುತ್ತ ಕೂರಬೇಡಿ, ಒಂದು ದಿನ ಕೈಯಲ್ಲೇ ಮುರಿಯುತ್ತದೆ. ಹೊಸದೇ ಹಾಕಿ.

ಕೋಡಿಬಾಗ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಕಾಲು ಸುತ್ತಿಗೆ ತೆರೆಯುವ ಹೊಸ ಮಾದರಿ ನಲ್ಲಿ ಆದರೆ ಅದರಲ್ಲಿ ವಾಷರ್ ಇಲ್ಲ, ಸೆರಾಮಿಕ್ ಬಿಲ್ಲೆಯ ಕಾರ್ಟ್ರಿಜ್. ಹೆಚ್ಚಿನ ಸಲ ಕಾರ್ಟ್ರಿಜ್ ಕೆಟ್ಟಿರುವುದಿಲ್ಲ, ಬಾವಿಯ ಸಣ್ಣ ಮರಳು ಬಿಲ್ಲೆಗಳ ನಡುವೆ ಕೂತಿರುತ್ತದೆ. ಬಿಚ್ಚಿ, ತೊಳೆದು, ಬಿಲ್ಲೆಯಲ್ಲಿ ಗೀರಿಲ್ಲದಿದ್ದರೆ ವಾಪಸ್ ಹಾಕಿ. ಬದಲಿಸಬೇಕಾದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಕಡ್ಡಿಯ ಉದ್ದ, ಹಲ್ಲಿನ ಎಣಿಕೆ, ಯಾವ ಕಡೆ ತಿರುಗುತ್ತದೆ, ಈ ಮೂರೂ ಹೊಂದಬೇಕು.

ರಬ್ಬರಿಗೆ ಕಾರಿನ ಗ್ರೀಸ್ ಸವರಬೇಡಿ. ನಲ್ಲಿಯ ಒ-ರಿಂಗ್ ಹೆಚ್ಚಾಗಿ ಇಪಿಡಿಎಂ ರಬ್ಬರ್, ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸ್ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ, ಕಾರಿನ ಬಾಗಿಲು ಮತ್ತು ಛಾವಣಿಯ ರಬ್ಬರಿಗೂ ಅದೇ ಆಗುತ್ತದೆ. ಬ್ರೇಕ್ ಸಿಲಿಂಡರಿನ ಒಳಗಿನ ಸೀಲೂ ಇಪಿಡಿಎಂ. ಬ್ರೇಕ್ ಎಣ್ಣೆಯ ಡಬ್ಬಿಗೆ ಎಂಜಿನ್ ಎಣ್ಣೆಯ ನಾಲ್ಕು ಹನಿ ಬಿದ್ದರೂ ಇಡೀ ಬ್ರೇಕ್ ಸಾಲು ಬಿಚ್ಚಬೇಕಾಗುವುದು ಇದೇ ಕಾರಣಕ್ಕೆ.

ಹೊಸ ನಲ್ಲಿ ಕೂರಿಸುವಾಗ ಟೆಫ್ಲಾನ್ ಟೇಪನ್ನು ಮರೆಯ ತುದಿ ನಿಮ್ಮ ಕಡೆ ಮುಖ ಮಾಡಿರುವಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ಟೇಪ್ ತೆಳು, ಹನ್ನೆರಡರಿಂದ ಹದಿನೈದು ಸುತ್ತು ಬೇಕು. ಮೊದಲ ಮರೆ ಬರಿದಾಗಿ ಬಿಡಿ. ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಪಾನಾದಲ್ಲಿ ಒಂದರಿಂದ ಒಂದೂವರೆ ಸುತ್ತು. ಮೂತಿ ಸರಿಯಾಗಿ ಕೆಳಮುಖ ಬರಲಿಲ್ಲ ಎಂದು ಹಿಂದಕ್ಕೆ ತಿರುಗಿಸಿದರೆ ಸೋರಿಯೇ ಸೋರುತ್ತದೆ. ಬಿಚ್ಚಿ, ಟೇಪ್ ಕಿತ್ತು, ಹೊಸದಾಗಿ ಸುತ್ತಿ.

ಗಜನಿ_ಬದಿ

ನೀರಿನ ಪ್ರಶ್ನೆ ಬಿಟ್ಟೇ ಹೋಯಿತು. ಇಲ್ಲಿ ಎರಡು ಬೇರೆ ಬೇರೆ ರೋಗ ಇವೆ, ಒಂದೇ ಮದ್ದು ಆಗುವುದಿಲ್ಲ.

ಕೆಂಪು ಕಲೆ ಕಬ್ಬಿಣದ್ದು. ಚಿರೇಕಲ್ಲಿನ ನೆಲದಲ್ಲಿ ಕಬ್ಬಿಣ ಜಾಸ್ತಿ. ಬಾವಿಯಿಂದ ಎತ್ತಿದಾಗ ನೀರು ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗಿ ತಳ ಹಿಡಿಯುತ್ತದೆ. ಬಿಳಿ ಬಕೆಟ್ಟಿನಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ನೋಡಿ, ತಳದಲ್ಲಿ ಕಂದು ಪುಡಿ ಕೂತಿದ್ದರೆ ಗೊತ್ತಾಯಿತು. ಬಿಳಿ ಚುಕ್ಕೆ ಬೇರೆ, ಅದು ನೀರಲ್ಲಿ ಕರಗಿದ ಲವಣ. ಕಾಳಿಯ ಅಳಿವೆ ಹತ್ತಿರ, ಕುಮಟಾ ಕಡೆ ಅಘನಾಶಿನಿಯ ಗಜನಿ (ಉಪ್ಪು ನೀರು ಹತ್ತುವ ಗದ್ದೆ) ಪಕ್ಕ, ಇಲ್ಲೆಲ್ಲ ಬೇಸಗೆ ಕೊನೆಗೆ ಬಾವಿಗೆ ಉಪ್ಪು ನುಸುಳುತ್ತದೆ. ಜನವರಿಯಲ್ಲಿ ಸಿಹಿ ಇದ್ದ ಬಾವಿ ಮೇ ತಿಂಗಳಲ್ಲಿ ಸಪ್ಪೆ ಉಪ್ಪಾಗುತ್ತದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟುಕೊಂಡು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕಾರಿನ ಕೊನೆಯ ತೊಳೆತಕ್ಕೆ ಅದೂ ಜಾಸ್ತಿಯೇ, 100ರ ಒಳಗಿದ್ದರೆ ಚುಕ್ಕೆ ಕಾಣುವಷ್ಟು ಉಳಿಯುವುದಿಲ್ಲ. ಆ ಮೀಟರ್ ಕಬ್ಬಿಣವನ್ನು ಬೇರೆಯಾಗಿ ತೋರಿಸುವುದಿಲ್ಲ ಎನ್ನುವುದು ನೆನಪಿರಲಿ, ಅದಕ್ಕೆ ಬಕೆಟ್ ಪರೀಕ್ಷೆಯೇ.

ಕಬ್ಬಿಣಕ್ಕೆ ಸುಲಭ ದಾರಿ: ಬಾವಿಯ ಪೈಪನ್ನು ಟ್ಯಾಂಕಿನ ನೀರಿನೊಳಗೆ ಮುಳುಗಿಸಬೇಡಿ. ಮೇಲಿಂದ, ತೂತು ಕೊರೆದ ಪೈಪಿನ ಮೂಲಕ ಶವರಿನ ಹಾಗೆ ಬೀಳಿಸಿ. ಗಾಳಿ ಬೆರೆತು ಕಬ್ಬಿಣ ರಾತ್ರಿಯೊಳಗೆ ತಳ ಸೇರುತ್ತದೆ. ಮನೆಗೆ ಹೋಗುವ ಪೈಪು ಟ್ಯಾಂಕಿನ ತಳದಿಂದ 10 ಸೆಂಟಿಮೀಟರ್ ಮೇಲೆ ಇರಲಿ, ತಳದಲ್ಲಿ ಬೇರೆ ವಾಲ್ವ್ ಇಟ್ಟು ವಾರಕ್ಕೊಮ್ಮೆ ಕೆಸರು ಬಿಡಿ. ನೀರು ಹುಳಿ ಗುಣದ್ದಾದರೆ ಪೂರ್ತಿ ಇಳಿಯುವುದಿಲ್ಲ, ಆಗ ಮರಳಿನ ಫಿಲ್ಟರ್ ಬೇಕಾಗುತ್ತದೆ.

ಟೈಲ್ಸಿನ ಕೆಂಪು ಕಲೆಗೆ ಬ್ಲೀಚಿಂಗ್ ಹಾಕುವವರೇ ಜಾಸ್ತಿ. ಅದು ತಪ್ಪು, ಬ್ಲೀಚ್ ಕಬ್ಬಿಣವನ್ನು ಇನ್ನೂ ತುಕ್ಕು ಮಾಡಿ ಕಲೆ ಗಟ್ಟಿ ಮಾಡುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿ ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಕೈಗವಸು ಹಾಕಿ ಸವರಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಅಮೃತಶಿಲೆಗೆ ಹಾಕಬಾರದು. ಬ್ಲೀಚ್ ಹಾಕಿದ ಜಾಗಕ್ಕೆ ಯಾವ ಆಸಿಡ್ಡನ್ನೂ ಹಾಕಲೇಬೇಡಿ, ಕ್ಲೋರಿನ್ ಗಾಳಿ ಎದ್ದು ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಕಾರಿಗೆ ಮಳೆ ನೀರಿಗಿಂತ ಒಳ್ಳೆಯದಿಲ್ಲ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಸೂರಿಗೆ 20 ಮಿಲಿಮೀಟರ್ ಬಿದ್ದರೆ 1000 ಲೀಟರ್, ಚೆಲ್ಲಿದ್ದು ಕಳೆದರೂ 800 ಸಿಗುತ್ತದೆ. ಮೊದಲ ಎರಡು ಮಳೆಯನ್ನು ಹೊರಗೆ ಬಿಡಿ, ಹಂಚಿನ ಮೇಲಿನ ಧೂಳು ಉಪ್ಪು ಎಲ್ಲ ಅದರಲ್ಲೇ ಹೋಗುತ್ತದೆ. ಶಾಂಪೂ ತೊಳೆತ ಬಾವಿ ನೀರಲ್ಲಿ ಮಾಡಿ, ಕೊನೆಗೆ ತೋಟಕ್ಕೆ ಔಷಧ ಹೊಡೆಯುವ ಹೊಸ ಸ್ಪ್ರೇಯರಿನಲ್ಲಿ 8 ಲೀಟರ್ ಮಳೆ ನೀರು ಮೇಲಿಂದ ಕೆಳಗೆ ಹರಿಸಿ. ಸ್ಪ್ರೇಯರ್ ಔಷಧಕ್ಕೆ ಬಳಸಿದ್ದು ಆಗಬಾರದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಕಾರಿಗೆ ಹಾಕುವ ರೂಢಿ ಇದೆ, ಅದು ಬಾವಿ ನೀರಿಗಿಂತ ಹೆಚ್ಚು ಲವಣದ್ದು.

ಬಟ್ಟೆ_ಛಾವಣಿ

ಎಲ್ಲರೂ ಮೇಲಿನ ಬಣ್ಣ ನೋಡುತ್ತಾರೆ. ಬಾಕ್ಸ್‌ಸ್ಟರಿನಂಥ ಕಾರನ್ನು ಹಾಳು ಮಾಡುವುದು ಮೇಲೆ ಬಿದ್ದ ನೀರಲ್ಲ, ಒಳಗೆ ನಿಂತ ನೀರು. ನಿಮ್ಮ ಪೋರ್ಚಿನ ಜಾಲಿ ಕಟ್ಟಿದ ಹಾಗೆಯೇ ಕಾರಿನ ಒಳಗಿನ ಜಾಲಿಯೂ ಕಟ್ಟುತ್ತದೆ.

ಛಾವಣಿ ಮಡಚಿ ಕೂರುವ ಗೂಡಿನ ಎರಡೂ ಪಕ್ಕದ ಮೂಲೆಯಲ್ಲಿ ನೀರು ಇಳಿಯುವ ತೂತುಗಳಿವೆ. ಛಾವಣಿಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದರೆ ಕಾಣುತ್ತದೆ. ಮುಂದಿನ ಡಿಕ್ಕಿ ತೆರೆದರೆ ಗಾಜಿನ ಬುಡದಲ್ಲಿ ಬ್ಯಾಟರಿಯ ಎಡಬಲಕ್ಕೆ ಇನ್ನೆರಡು. ಮಾವಿನ ಹೂವು, ಗಾಳಿ ಮರದ ಸೂಜಿ ಎಲೆ, ಕಡಲ ಮರಳಿನ ಧೂಳು, ಈ ಮೂರೂ ಸೇರಿ ಕಪ್ಪು ಹೆಂಟೆಯಾಗಿ ಕೂರುತ್ತದೆ. ಕಾರವಾರದ ಕಡಲ ಬದಿಗೆ ಗಾಳಿ ಮರ ಎಷ್ಟಿವೆ ನೋಡಿ, ಆ ಸೂಜಿ ಎಲೆ ಸೀದಾ ನಳಿಗೆಯೊಳಗೆ ಇಳಿಯುತ್ತದೆ.

ಪರೀಕ್ಷೆ: 250 ಮಿಲಿಲೀಟರ್ ನೀರನ್ನು ಲೋಟದಿಂದ ನಿಧಾನ ಹೊಯ್ಯಿರಿ. ಕೆಲವೇ ಕ್ಷಣದಲ್ಲಿ ಕಾರಿನ ಅಡಿಯಲ್ಲಿ ಧಾರೆ ಬರಬೇಕು. ಹನಿ ಹನಿ ಬಂದರೆ ಅರ್ಧ ಕಟ್ಟಿದೆ. ಏನೂ ಬರದಿದ್ದರೆ ಹೊಯ್ಯುವುದು ನಿಲ್ಲಿಸಿ, ಆ ನೀರು ಸೀಟಿನ ಕಡೆ ಹೋಗಬಹುದು. ಸೀಟಿನಡಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಟ್ಟ ಮಾದರಿಗಳಲ್ಲಿ ನೆಲದ ರತ್ನಗಂಬಳಿ ಒದ್ದೆಯಾಯಿತು ಎಂದರೆ ದೊಡ್ಡ ಖರ್ಚು.

ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರದ 2 ಮಿಲಿಮೀಟರ್ ನೈಲಾನ್ ದಾರ ತೆಗೆದುಕೊಳ್ಳಿ. ತುದಿಯನ್ನು ಬೆಂಕಿಗೆ ತೋರಿಸಿ ಉಂಡೆ ಮಾಡಿ, ಚೂಪು ಇರಬಾರದು. ತಿರುಗಿಸುತ್ತ ಮೆಲ್ಲಗೆ ಬಿಡಿ, ತಡೆದ ಕಡೆ ಹಿಂದೆ ಮುಂದೆ ಆಡಿಸಿ, ಮತ್ತೆ ನೀರು ಹೊಯ್ಯಿರಿ. ಕಬ್ಬಿಣದ ತಂತಿ ಬೇಡ, ನಳಿಗೆ ಹರಿಯುತ್ತದೆ. ಟೈರ್ ಅಂಗಡಿಯ ಗಾಳಿ ಪೈಪು ಬೇಡವೇ ಬೇಡ: ಒತ್ತಡಕ್ಕೆ ನಳಿಗೆ ಒಳಗಿನ ಜೋಡಣೆಯಿಂದ ಕಳಚುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ.

ಇನ್ನೊಂದು ಜಾಗ ಮುಂದಿನ ಬಂಪರಿನ ಎಡಬಲದ ಬಾಯಿ. ಅಲ್ಲಿ ರೇಡಿಯೇಟರ್, ಅದರ ಮುಂದೆ ಎಸಿ ಕಂಡೆನ್ಸರ್. ಒಣಗಿದ ಎಲೆ, ಮರಳು, ಉಪ್ಪು ಎಲ್ಲ ಅಲ್ಲಿ ಒದ್ದೆಯಾಗಿ ಕೂತು ಅಲ್ಯೂಮಿನಿಯಂ ತಿನ್ನುತ್ತದೆ. ವ್ಯಾಕ್ಯೂಮಿನ ತೆಳು ಮೂತಿಯಲ್ಲಿ ಎಳೆಯಿರಿ, ಆಮೇಲೆ ಸಾದಾ ಪೈಪಿನ ನೀರು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚುತ್ತವೆ. ಬಟ್ಟೆ ಛಾವಣಿಗೂ ಪ್ರೆಷರ್ ಬೇಡ. ಒದ್ದೆ ಛಾವಣಿ ಮಡಚಿ ರಾತ್ರಿ ಇಟ್ಟರೆ ಆಷಾಢದಲ್ಲಿ ಎರಡೇ ದಿನಕ್ಕೆ ಬೂಸು.

ಸದಾಶಿವಗಡ_66

ಲೋಟದ ಪರೀಕ್ಷೆಗೆ ಎಡಗಡೆ ಹನಿ ಹನಿ, ಬಲಗಡೆ ಸರಿ. ನೈಲಾನ್ ದಾರ ಬಿಟ್ಟ ಮೇಲೆ ಎರಡೂ ಧಾರೆ. ಪ್ರೆಷರ್ ವಾಷರ್ ಬಗ್ಗೆಯೇ ಕೇಳಬೇಕಿತ್ತು: ಅಂಗಳದ ನಲ್ಲಿಗೆ ಹಾಕಿದರೆ ಯಂತ್ರ ಕಟಕಟ ಅನ್ನುತ್ತದೆ, ಧಾರೆ ಬಂದು ನಿಂತು ಬಂದು ನಿಂತು ಆಗುತ್ತದೆ. ಗೇಟಿನ ಇಳಿಜಾರಿನ ಲೆಕ್ಕವೂ ಬೇಕು. ರಸ್ತೆಯಿಂದ ಪೋರ್ಚಿಗೆ 30 ಸೆಂಟಿಮೀಟರ್ ಏರು.

ಅರ್ಧ_ಇಂಚು

ಯಂತ್ರಕ್ಕೆ ನೀರು ಸಾಲುತ್ತಿಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕು ನಲ್ಲಿಗಿಂತ 4 ಮೀಟರ್ ಮೇಲಿದ್ದರೆ ಸಿಗುವುದು 0.4 ಬಾರ್, ಅದರಲ್ಲೂ ಅರ್ಧ ಇಂಚಿನ ಪೈಪಿನಲ್ಲಿ ನಾಲ್ಕು ಎಲ್ಬೋ ದಾಟಿ ಬರಬೇಕು. 10 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. 60 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್, ಮನೆ ಬಳಕೆಯ ಸಣ್ಣ ಯಂತ್ರಗಳಿಗೆ ಸಾಕು. 100 ಸೆಕೆಂಡ್ ಹಿಡಿದರೆ 6 ಲೀಟರ್, ಆಗ ಪಂಪು ಗಾಳಿ ಎಳೆದು ಹಾಳಾಗುತ್ತದೆ. ಟ್ಯಾಂಕಿನಿಂದ ನೇರವಾಗಿ ಮುಕ್ಕಾಲು ಇಂಚಿನ ಪೈಪು ಇಳಿಸಿ, ಬಾಲ್ ವಾಲ್ವ್ ಹಾಕಿ, ಯಂತ್ರದ ಮುಂದೆ ಜಾಲರಿ ಫಿಲ್ಟರ್ ಕೊಡಿ. ಅದಕ್ಕೂ ಮೊದಲು ಯಂತ್ರದ ಬಾಯಿಯ ಸಣ್ಣ ಜರಡಿ ಬಿಚ್ಚಿ ನೋಡಿ, ಕಬ್ಬಿಣದ ಕೆಸರು ತುಂಬಿರುವ ಸಂಭವವೇ ಜಾಸ್ತಿ.

ಹೊಸ ಪೈಪು ಹಾಕುವುದಾದರೆ ಸಿಪಿವಿಸಿ ಅಂಟಿಸುವಾಗ ಗಡಿಬಿಡಿ ಬೇಡ. ನೇರವಾಗಿ ಕತ್ತರಿಸಿ, ಒಳ ಹೊರ ಅಂಚಿನ ಚೂರು ತೆಗೆದು, ಮೊದಲು ಅಂಟು ಹಚ್ಚದೆ ಒಣಗಿಯೇ ಜೋಡಿಸಿ ನೋಡಿ. ಒಣ ಜೋಡಣೆಯಲ್ಲಿ ಪೈಪು ಫಿಟ್ಟಿಂಗಿನ ಮೂರನೇ ಎರಡು ಭಾಗ ಒಳಗೆ ಹೋಗಬೇಕು, ಗುರುತು ಹಾಕಿಕೊಳ್ಳಿ. ಆಮೇಲೆ ಸಾಲ್ವೆಂಟ್ ಸಿಮೆಂಟ್ ಎನ್ನುವ ಅಂಟನ್ನು ಪೈಪಿಗೆ ಚೆನ್ನಾಗಿ, ಫಿಟ್ಟಿಂಗಿಗೆ ತೆಳುವಾಗಿ ಸವರಿ. ಒತ್ತುತ್ತಲೇ ಕಾಲು ಸುತ್ತು ತಿರುಗಿಸಿ 30 ಸೆಕೆಂಡ್ ಬಿಡದೆ ಹಿಡಿಯಿರಿ, ಇಲ್ಲದಿದ್ದರೆ ಪೈಪು ತಾನೇ ಹೊರಗೆ ಜಾರುತ್ತದೆ. ಪೈಪಿನಲ್ಲಿ ಹನಿ ನೀರು ಇಳಿಯುತ್ತಿದ್ದರೆ ಅಂಟು ಹಿಡಿಯದು. ತೇವದ ಹವೆಗೆ ಒಣಗಲು ಅರ್ಧದಷ್ಟು ಹೆಚ್ಚು ಹೊತ್ತು ಬೇಕು, ಮಳೆಗಾಲದಲ್ಲಾದರೆ ರಾತ್ರಿಯಿಡೀ ಬಿಡಿ.

ನಲ್ಲಿ ಕೂರುವ ಕಡೆ ಹಿತ್ತಾಳೆ ಮರೆಯ ಫಿಟ್ಟಿಂಗೇ ಹಾಕಿ. ಪ್ಲಾಸ್ಟಿಕ್ ಮರೆಯೊಳಗೆ ಲೋಹದ ನಲ್ಲಿ ಬಿಗಿದರೆ ಬೆಣೆ ಹೊಡೆದ ಹಾಗೆ ಸೀಳುತ್ತದೆ, ಅದೂ ಆ ದಿನ ಅಲ್ಲ, ಆರು ತಿಂಗಳ ಮೇಲೆ. ತಾರಸಿಯ ಮೇಲೆ ಬಿಸಿಲಿಗೆ ಬಿದ್ದ ಸಿಪಿವಿಸಿಗೆ ನೀರಿನ ಆಧಾರದ ಬಣ್ಣ ಬಳಿಯಿರಿ, ಆಯಿಲ್ ಪೇಂಟ್ ಅಲ್ಲ.

ಮೇಸ್ತ್ರಿ_ಲೆಕ್ಕ

ಇಳಿಜಾರಿಗೆ ಮೊದಲು ಕಾರನ್ನೇ ಅಳೆಯಿರಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳತುದಿಗೆ ಒಂದು ನೇರ ರೀಪು ಹಿಡಿದು, ಮೊಬೈಲಿನ ಕೋನ ಮಾಪಕ ಅದರ ಮೇಲಿಡಿ. ಉದಾಹರಣೆಗೆ ತುಟಿ 13 ಸೆಂಟಿಮೀಟರ್ ಎತ್ತರ, 90 ಸೆಂಟಿಮೀಟರ್ ಮುಂದೆ ಇದ್ದರೆ ಸುಮಾರು 8 ಡಿಗ್ರಿ, ಅಂದರೆ 7ಕ್ಕೆ 1 (7 ಅಡಿ ಮುಂದೆ ಹೋದರೆ 1 ಅಡಿ ಏರು). ಆ ಅಂಚಿಗೇ ಕಟ್ಟಬೇಡಿ. ಬ್ರೇಕ್ ಹಾಕಿದರೆ ಮೂತಿ ತಗ್ಗುತ್ತದೆ, ಇಬ್ಬರು ಕೂತರೆ ಇನ್ನಷ್ಟು. 10ಕ್ಕೆ 1 ಇಟ್ಟುಕೊಳ್ಳಿ.

ಹೊಟ್ಟೆಯ ಲೆಕ್ಕ ಬೇರೆ. 718ರ ಚಕ್ರಗಳ ಅಂತರ 2475 ಮಿಲಿಮೀಟರ್. ನಡುವೆ 120 ಮಿಲಿಮೀಟರ್ ಎತ್ತರ ಸಿಕ್ಕಿತು ಎಂದುಕೊಂಡರೆ 11 ಡಿಗ್ರಿಗಿಂತ ಚೂಪಾದ ದಿಬ್ಬದ ಮೇಲೆ ಹೊಟ್ಟೆ ಕೂರುತ್ತದೆ. ಹಾಗಾಗಿ ಇಳಿಜಾರಿನ ಎರಡೂ ತುದಿಯನ್ನು ಮೆತ್ತಗೆ ತಿರುಗಿಸಬೇಕು. ನಿಮ್ಮ 30 ಸೆಂಟಿಮೀಟರ್ ಏರಿಗೆ: ಕೆಳಗೆ 60 ಸೆಂಟಿಮೀಟರ್ ಉದ್ದ 20ಕ್ಕೆ 1, ಅದು 3 ಸೆಂಟಿಮೀಟರ್ ಏರಿಸುತ್ತದೆ. ನಡುವೆ 2.4 ಮೀಟರ್ 10ಕ್ಕೆ 1, ಅದು 24. ಮೇಲೆ ಮತ್ತೆ 60 ಸೆಂಟಿಮೀಟರ್ 20ಕ್ಕೆ 1, ಅದು 3. ಒಟ್ಟು ಉದ್ದ 3.6 ಮೀಟರ್. ಜಾಗ ಸಾಲದಿದ್ದರೆ ಇಳಿಜಾರು ಅಗಲ ಮಾಡಿ, ಓರೆಯಾಗಿ ಹತ್ತಿ. ಮೇಲ್ಮೈಗೆ ಕಡಪ ಬೇಡ, ಪಾಚಿ ಹಿಡಿದು ಅಗಲ ಟೈರ್ ಜಾರುತ್ತದೆ. ಕಾಂಕ್ರೀಟಿಗೆ ಹಸಿ ಇರುವಾಗಲೇ ಕಡ್ಡಿ ಪೊರಕೆಯಲ್ಲಿ ಅಡ್ಡ ಗೀರು ಎಳೆಯಿರಿ.

ಇಳಿಜಾರನ್ನು ಗೇಟಿನ ಒಳಗೇ ಶುರು ಮಾಡಿ, ರಸ್ತೆ ಬದಿ ಚರಂಡಿಯ ಮೇಲೆ ತುಂಬಬೇಡಿ. ಚರಂಡಿಗೆ ಪೈಪು ಹೂತು ಮೇಲೆ ಕಾಂಕ್ರೀಟ್ ಸುರಿಯುವ ಪದ್ಧತಿಯೇ ತಪ್ಪು. ಒಂದು ತೆಂಗಿನ ಗರಿಯ ತುಂಡು ಸಿಕ್ಕಿಕೊಂಡರೆ ಇಡೀ ಬೀದಿಯ ನೀರು ನಿಮ್ಮ ಅಂಗಳಕ್ಕೆ. 60 ಸೆಂಟಿಮೀಟರ್ ಅಗಲದ ಎತ್ತಿ ತೆಗೆಯಬಹುದಾದ ಕಾಂಕ್ರೀಟ್ ಹಲಗೆ ಹಾಕಿ, ಕೊಕ್ಕೆ ಬಿಡಿ, ಮೇ ತಿಂಗಳಲ್ಲಿ ಒಮ್ಮೆ ಎತ್ತಿ ಹೂಳು ತೆಗೆಯಿರಿ.

ಪೋರ್ಚಿನ ಜಾಲಿ: 40 ಚದರ ಮೀಟರ್ ಜಾಗಕ್ಕೆ ಗಂಟೆಗೆ 100 ಮಿಲಿಮೀಟರ್ ಮಳೆ ಹೊಡೆದರೂ ಸೆಕೆಂಡಿಗೆ 1.1 ಲೀಟರ್ ಅಷ್ಟೇ. 110 ಮಿಲಿಮೀಟರ್ ಪೈಪು 60ಕ್ಕೆ 1 ಇಳಿಜಾರಿನಲ್ಲಿ ಇದನ್ನು ಸುಲಭಕ್ಕೆ ಒಯ್ಯುತ್ತದೆ. ಅಂದರೆ ನಿಮ್ಮದು ಪೈಪು ಸಣ್ಣದಾದ ತೊಂದರೆಯಲ್ಲ, ಕಟ್ಟಿದ ತೊಂದರೆ, ಅಥವಾ ಕೊನೆಯಲ್ಲಿ ಹೊರಟುಹೋಗಲು ದಾರಿಯಿಲ್ಲ. ಜಾಲಿ ಎತ್ತಿ, ಒಳಗಿನ ಬಟ್ಟಲು ಕೈಯಲ್ಲಿ ಬಳಿದು, ಒಂದು ಬಕೆಟ್ ಸುರಿಯಿರಿ. ಹೋಯಿತು ಅಂದರೆ ಇಲ್ಲಿಯೇ ಕಟ್ಟಿತ್ತು. ಹೋಗದಿದ್ದರೆ ಇನ್ನೊಂದು ತುದಿಯ ಚೇಂಬರ್ ತೆರೆದು ಬಿದಿರು ಸೀಳು ಆ ಕಡೆಯಿಂದ ತಳ್ಳಿ.

ಕೋಡಿಬಾಗ

ಆ ಜಾಲಿ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೋಡಿ. ಹಳೇ ಮನೆಗಳಲ್ಲಿ ಮಳೆ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟದ್ದಿದೆ. ಒಂದು ಜೋರು ಮಳೆಗೆ ಟ್ಯಾಂಕಿನ ಮಡ್ಡಿ ಎಲ್ಲ ಇಂಗುಗುಂಡಿಗೆ ತಳ್ಳಿಕೊಂಡು ಹೋಗಿ ಅದೂ ಕಟ್ಟುತ್ತದೆ, ಆಮೇಲೆ ಸಂಡಾಸ ತುಂಬಿ ಬರುತ್ತದೆ. ಮಳೆ ನೀರು ಬೇರೆ, ಸಂಡಾಸದ ಸಾಲು ಬೇರೆ. ಇದರಲ್ಲಿ ರಾಜಿ ಬೇಡ.

ಇನ್ನೊಂದು, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತದ (ಕಡಲ ಉಬ್ಬರದ) ಹೊತ್ತಿಗೆ ಮಳೆಯೂ ಹೊಡೆದರೆ ತಗ್ಗು ಜಾಗದ ಚರಂಡಿಗಳು ಕಡಲಿಗೆ ಬಿಡಲಾರದೆ ಹಿಂದಕ್ಕೆ ಉಕ್ಕುತ್ತವೆ. ಪೋರ್ಚಿನ ಪೈಪಿನ ಕೊನೆಗೆ ನೀರನ್ನು ಹೊರಗೆ ಮಾತ್ರ ಬಿಡುವ ಒಂದು ಫ್ಲ್ಯಾಪ್ ವಾಲ್ವ್ ಇದ್ದರೆ ಬೀದಿ ನೀರು ಕಾರಿನಡಿ ಬರುವುದಿಲ್ಲ. ಫ್ಲ್ಯಾಪಿನ ಹಿಂಜಿಗೆ ಕಸ ಸಿಕ್ಕಿದರೆ ಅದು ಮುಚ್ಚಿಕೊಳ್ಳುವುದಿಲ್ಲ, ವಾರಕ್ಕೊಮ್ಮೆ ಬೆರಳಲ್ಲಿ ಆಡಿಸಿ ನೋಡಿ. ರಸ್ತೆಯಲ್ಲಿ ನೀರು ಬಾಗಿಲ ಕೆಳತುದಿ ಮುಟ್ಟುವಷ್ಟಿದ್ದರೆ ಕಾರು ಇಳಿಸಲೇಬೇಡಿ. ಎಂಜಿನ್ ನೀರು ಎಳೆದು ನಿಂತರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಬಾರದು, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ದೇವಿಮನೆ_ತಿರುವು

ಶಿರಸಿ ಕಡೆಯಿಂದ ನಾಲ್ಕು ಮಾತು. ಇಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರು, ಕಾರು ಒಣಗೀತೇ.

ಪೋರ್ಚ್ ತೆರೆದಿದ್ದರೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಒಳಗೆ ಬೆವರು ಹಿಡಿದು ಬಣ್ಣದ ಮೇಲೇ ನೀರು ಕೂರುತ್ತದೆ, ಗಾಳಿಗೆ ಬಡಿದು ಗೀರೂ ಬೀಳುತ್ತದೆ. ಗಾಳಿಮಳೆ ಬಡಿಯುವ ಬದಿಗೆ ಮನೆಗೆ ಕಟ್ಟುವ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರೆ ಕವರಿಗಿಂತ ಒಳ್ಳೆಯದು, ಗಾಳಿ ಆಡುತ್ತದೆ, ಇರಚಲು ಬರುವುದಿಲ್ಲ. ಮುಚ್ಚಿದ ಗ್ಯಾರೇಜ್ ಆದರೆ ಡಿಹ್ಯುಮಿಡಿಫೈಯರ್ ಇಟ್ಟು ತೇವಾಂಶ ಶೇಕಡಾ 55ರ ಹತ್ತಿರ ಹಿಡಿಯಿರಿ, ಅದರ ನೀರಿನ ಪೈಪನ್ನು ಮೀಟರಿಗೆ 1 ಸೆಂಟಿಮೀಟರ್ ಇಳುವಿನಲ್ಲಿ ಹೊರಗೆ ಬಿಡಿ. ಕಾರಿನೊಳಗೆ ತೇವ ಹೀರುವ ಡಬ್ಬಿ ಇಡುವುದಾದರೆ ಸಿಲಿಕಾ ಜೆಲ್ ಚೀಲ ಇಡಿ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ನೀರಾಗಿ ಚೆಲ್ಲಿದರೆ ಕಾರಿನೊಳಗೆ ನೀವೇ ಉಪ್ಪು ಸುರಿದ ಹಾಗೆ.

ತೊಳೆದು ಹಾಗೇ ನಿಲ್ಲಿಸಬೇಡಿ. ಒಂದೆರಡು ಕಿಲೋಮೀಟರ್ ಓಡಿಸಿ, ಏಳೆಂಟು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ವಾರಗಟ್ಟಲೆ ನಿಲ್ಲುವುದಾದರೆ ಸಮತಟ್ಟು ನೆಲದಲ್ಲಿ ಗೇರಿನಲ್ಲಿ ಅಥವಾ (ಆಟೊಮ್ಯಾಟಿಕ್ ಆದರೆ) ಪಿಯಲ್ಲಿ ಬಿಟ್ಟು, ಚಕ್ರಕ್ಕೆ ಮರದ ಅಡ್ಡೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಇಲ್ಲದಿದ್ದರೆ ಒಳಗಿನ ಶೂ ತುಕ್ಕಿಗೆ ಅಂಟಿಕೊಳ್ಳುತ್ತದೆ. ಟೈರಿಗೆ ಐದು ಪಿಎಸ್‌ಐ ಹೆಚ್ಚಿಗೆ ಗಾಳಿ, ಓಡಿಸುವ ಮೊದಲು ಇಳಿಸಿ. ಟೈರಿನ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್ ಆದರೂ ಮಳೆಗಾಲಕ್ಕೆ 3 ಮಿಲಿಮೀಟರಿಗಿಂತ ಸವೆದ ಅಗಲ ಟೈರಿನಲ್ಲಿ ಹೆದ್ದಾರಿ 66ಕ್ಕೆ ಇಳಿಯಬಾರದು.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು, ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 155. ದೇವಿಮನೆ ಘಟ್ಟವನ್ನೋ ಅರಬೈಲನ್ನೋ ಬ್ರೇಕ್ ಮೇಲೆಯೇ ಇಳಿದರೆ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಯುವಾಗ ಕೈಯಲ್ಲಿ ಎರಡನೇ ಮೂರನೇ ಗೇರಿಗೆ ಹಾಕಿಕೊಳ್ಳಿ.

ಸದಾಶಿವಗಡ_66

ಜಾಲಿ ಬಟ್ಟಲಲ್ಲೇ ಕಟ್ಟಿತ್ತು, ಬಕೆಟ್ ನೀರು ಹೋಯಿತು. ಸಾಲು ಮಳೆ ಚರಂಡಿಗೇ ಇದೆ. ಕೊನೆಯದು: ಜುಲೈ, ಆಗಸ್ಟ್ ಮನೆ ಬೀಗ ಹಾಕಿರುತ್ತದೆ. ಸಂಡಾಸದ ಫ್ಲಶ್ ಟ್ಯಾಂಕು ಆಗಾಗ ತಾನೇ ತುಂಬಿಕೊಳ್ಳುವ ಸದ್ದು ಮಾಡುತ್ತದೆ.

ಅರ್ಧ_ಇಂಚು

ಟ್ಯಾಂಕಿನ ನೀರಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ 20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಬಂದರೆ ತಳದ ರಬ್ಬರ್ ಬಿಲ್ಲೆ ಸೋರುತ್ತಿದೆ. ಹೆಚ್ಚಾಗಿ ಕಬ್ಬಿಣದ ಕೆಸರು ಅಂಟಿರುತ್ತದೆ, ತೆಗೆದು ತೊಳೆದು ತಿರುವಿ ಹಾಕಿ. ನೀರು ಮೇಲಿನ ಓವರ್‌ಫ್ಲೋ ಕೊಳವೆಗೆ ಹೋಗುತ್ತಿದ್ದರೆ ಫ್ಲೋಟ್ ತಗ್ಗಿಸಿ, ಮಟ್ಟ ಕೊಳವೆಯ ಬಾಯಿಗಿಂತ 2 ಸೆಂಟಿಮೀಟರ್ ಕೆಳಗಿರಲಿ.

ಬೀಗ ಹಾಕುವ ದಿನ ಟ್ಯಾಂಕಿನ ಮುಖ್ಯ ವಾಲ್ವ್ ಕಟ್ಟಿ, ಕೆಳಗಿನ ನಲ್ಲಿ ತೆರೆದು ಒತ್ತಡ ಇಳಿಸಿ. ಗೀಸರಿನ ಸ್ವಿಚ್ ಆರಿಸಿ. ವಾಶ್ ಬೇಸಿನ್ ಅಡಿಯ ಹೆಣೆದ ಸ್ಟೀಲ್ ಪೈಪುಗಳನ್ನು ಬೆರಳಲ್ಲಿ ಸವರಿ ನೋಡಿ. ಒಂದು ಎಳೆ ಮುರಿದು ಚುಚ್ಚಿದರೆ, ಕಂದು ಚುಕ್ಕೆ ಇದ್ದರೆ ಬದಲಿಸಿ. ಉಪ್ಪು ಗಾಳಿ, ಬ್ಲೀಚಿನ ಆವಿ ಎರಡೂ ಆ ಸ್ಟೀಲಿಗೆ ಆಗಿಬರುವುದಿಲ್ಲ. ಬಚ್ಚಲ ಜಾಲಿಯ ಬಟ್ಟಲಿನ ನೀರು ಎರಡು ತಿಂಗಳಲ್ಲಿ ಆರಿದರೆ ದುರ್ವಾಸನೆ, ಜಿರಳೆ ಮೇಲೆ ಬರುತ್ತವೆ. ಎರಡು ಚಮಚ ಅಡುಗೆ ಎಣ್ಣೆ ಹೊಯ್ದಿಡಿ, ನೀರಿನ ಮೇಲೆ ತೇಲಿ ಆರದಂತೆ ತಡೆಯುತ್ತದೆ.

ಬಟ್ಟೆ_ಛಾವಣಿ

ಕಾರಿನದೂ ಸೇರಿಸಿ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಡಿಕ್ಕಿಯ ಬೀಗ ವಿದ್ಯುತ್ತಿನದು. ಬ್ಯಾಟರಿ ಪೂರ್ತಿ ಸತ್ತರೆ ಡಿಕ್ಕಿ ತೆರೆಯಲು ಮುಂದಿನ ಸೀಟಿನ ಕಾಲ ಬಳಿಯ ಫ್ಯೂಸ್ ಪೆಟ್ಟಿಗೆಯ ತುರ್ತು ತುದಿಗೆ ಹೊರಗಿನ ಕರೆಂಟು ಕೊಡಬೇಕು, ಕೈಪಿಡಿಯ ಆ ಪುಟ ಈಗಲೇ ಓದಿಡಿ. ಎರಡು ತಿಂಗಳಿಗೆ ಬ್ಯಾಟರಿ ಮೇಂಟೇನರ್ (ಚಾರ್ಜ್ ಕಾಯ್ದುಕೊಳ್ಳುವ ಸಣ್ಣ ಚಾರ್ಜರ್) ಹಾಕಿ. ಮೇಲೆ ಎಜಿಎಂ ಎಂದು ಬರೆದಿದ್ದರೆ ಅದೇ ಸೆಟ್ಟಿಂಗ್. ಸಾದಾ ಬ್ಯಾಟರಿ ತುಂಬಿದಾಗ ವಿಶ್ರಾಂತಿಯಲ್ಲಿ 12.6 ವೋಲ್ಟ್, 12.4ಕ್ಕೆ ಇಳಿದರೆ ಚಾರ್ಜ್ ಮಾಡಬೇಕು. ಮೇಂಟೇನರಿನ ಪ್ಲಗ್ ನೆಲದಲ್ಲಿ ಬಿಡದೆ ಗೋಡೆಗೆ ಒಂದು ಮೀಟರ್ ಎತ್ತರದಲ್ಲಿ, ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಸಾಲಿಗೆ ಕೊಡಿ. ಪೆಟ್ರೋಲ್ ಟ್ಯಾಂಕು ತುಂಬಿಸಿಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ, ಟ್ಯಾಂಕಿನಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಹೊರಡುವ ಹಿಂದಿನ ದಿನ ಛಾವಣಿ ಪೂರ್ತಿ ಒಣಗಿಸಿ ಮುಚ್ಚಿ, ನಾಲ್ಕೂ ತೂತಿಗೆ ಇನ್ನೊಮ್ಮೆ ಲೋಟದ ನೀರು ಹೊಯ್ದು ನೋಡಿ. ಕೀ ಕೊಟ್ಟು ಹೋಗುವವರಿಗೆ ನೈಲಾನ್ ದಾರ ಎಲ್ಲಿದೆ ಎಂದು ತೋರಿಸಿ ಹೋಗಿ.